ಡ್ಯಾಶ್‌ಬೋರ್ಡಿನ ಮೇಲಿನ ಕೈ

ಅವಳ ನಿಜವಾದ ಹೆಸರು ಲೈಸೆನ್ಸಿನಲ್ಲಿ ಇದ್ದೀತು. ಊರಿಗೆ ಮಾತ್ರ ಅವಳು ಬ್ರೇಕ್ ಅಕ್ಕ. ಇಪ್ಪತ್ತೆಂಟು ವರ್ಷದಿಂದ ಕಾರು ಕಲಿಸುವುದೇ ಅವಳ ಕೆಲಸ. ಕಲಿಯುವವರು ಬಲಗಡೆ, ಸ್ಟಿಯರಿಂಗ್ ಹಿಂದೆ. ಅವಳು ಎಡಗಡೆ, ತನ್ನ ಕಾಲಬುಡದಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇಟ್ಟುಕೊಂಡು. ಆ ಬ್ರೇಕಿನ ಮೇಲಿದ್ದ ಅವಳ ಬಲಗಾಲಿನ ದೆಸೆಯಿಂದ ಊರಿನ ಎಷ್ಟು ಕಾಂಪೌಂಡ್ ಗೋಡೆಗಳು, ಎಷ್ಟು ಸೈಕಲ್ಲುಗಳು, ಎಷ್ಟು ಜನರ ಮೊಣಕಾಲುಗಳು ಇವತ್ತಿಗೂ ನೆಟ್ಟಗಿವೆಯೋ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಟಿವಿ ನೋಡುವಾಗಲೂ ಪರದೆಯ ಮೇಲೆ ಗಾಡಿಯೊಂದು ಜೋರಾಗಿ ಬಂದರೆ ಅವಳ ಕಾಲು ನೆಲವನ್ನು ಒತ್ತುತ್ತಿತ್ತು. ಬಸ್ಸಿನಲ್ಲಿ ಕೂತರೂ ಅದೇ ಗೋಳು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವಳು ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ.

ಕೂಗಾಡಿ ಕಲಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. “ಗಾಬರಿ ಆದವ್ರಿಗೆ ಕಿವಿ ಕೇಳ್ಸಲ್ಲ ಕಣ್ರೀ,” ಎನ್ನುತ್ತಿದ್ದಳು. ಅವಳ ಪಾಠವೆಲ್ಲ ಎಡಗೈಯಲ್ಲಿ. ಅಂಗೈ ಕೆಳಗಾಗಿ, ಬೆರಳು ಬಿಡಿಸಿ, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಎಲ್ಲ ಸರಿಯಾಗಿದೆ, ಹೀಗೇ ಹೋಗು ಎಂದರ್ಥ. ಬೆರಳ ತುದಿ ಎದ್ದರೆ ವೇಗ ಇಳಿಸು. ಅಂಗೈ ಒತ್ತಿದರೆ ಬ್ರೇಕು. ಮುಷ್ಟಿಯಾದರೆ ನಿಲ್ಲಿಸು, ಮೊದಲು ನಿಲ್ಲಿಸು, ಆಮೇಲೆ ಮಾತು. ಕಲಿಯುವವರು ರಸ್ತೆಯನ್ನು ನೇರವಾಗಿ, ಆ ಕೈಯನ್ನು ಓರೆಗಣ್ಣಲ್ಲಿ ನೋಡುತ್ತ ನೋಡುತ್ತ ಒಂದು ತಿಂಗಳಲ್ಲಿ ಚಾಲಕರಾಗುತ್ತಿದ್ದರು. ಅವಳ ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನಿರುತ್ತಿತ್ತು, ಹೊತ್ತು ಬಂದಾಗ ಸ್ಟಿಯರಿಂಗನ್ನು ಕಿತ್ತುಕೊಳ್ಳುವುದಕ್ಕೆ.

ಆರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಬಿ.ಪಿ. ಮಾತ್ರೆ ನುಂಗಲು ಪುರುಸೊತ್ತಿಲ್ಲ ಎಂದು ವರ್ಷಗಟ್ಟಲೆ ಉದಾಸೀನ ಮಾಡಿದ್ದರ ಫಲ. ಅದನ್ನು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿ. ಉಳಿದ ನಾಲ್ಕು ದಿನ ಕಾರು. ಎಡ ಮಣಿಕಟ್ಟಿನ ಮೇಲೆ ಸರ್ಜನ್ನರು ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಹೊಲಿದು ಫಿಸ್ಟುಲಾ ಮಾಡಿದ್ದರು. ಯಂತ್ರಕ್ಕೆ ಹೋಗುವ ರಕ್ತವೂ ಯಂತ್ರದಿಂದ ಬರುವ ರಕ್ತವೂ ಆ ಉಬ್ಬಿದ ನಾಳದ ದಾರಿಯಲ್ಲೇ. ಬೆರಳಿಟ್ಟರೆ ಒಳಗೆ ಜುಮ್ಮೆಂದು ನಡುಗುವುದು ತಿಳಿಯುತ್ತದೆ. ಬೇರೆಯವರಾದರೆ ಉದ್ದ ತೋಳಿನ ಬಟ್ಟೆ ಹಾಕಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಇವಳು ಹೆದರಿ ಕೂತ ಹೊಸಬರ ಬೆರಳನ್ನು ಹಿಡಿದು ಅಲ್ಲಿಗೆ ತಾಗಿಸಿ, “ನೋಡು, ನನ್ನ ಇಂಜಿನ್ ಆನ್ ಇದೆ. ಈಗ ನಿಂದು ಆನ್ ಮಾಡು,” ಎನ್ನುತ್ತಿದ್ದಳು.

ಅವಳ ಯಜಮಾನರು ಪುಸ್ತಕಗಳಿಗೆ ರಟ್ಟು ಹಾಕುವವರು. ಮಾತು ಕಮ್ಮಿ, ಅಂಟು ಜಾಸ್ತಿ ಎಂದು ಅವಳು ಅವರನ್ನು ಗೇಲಿ ಮಾಡುತ್ತಿದ್ದಳು. ಡಯಾಲಿಸಿಸ್ ಮುಗಿದ ಮೇಲೆ ತಲೆ ಸುತ್ತುವುದರಿಂದ ಅವಳು ಕಾರು ಓಡಿಸುವಂತಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದರು. ಊರಿಗೆಲ್ಲ ಕಾರು ಕಲಿಸಿದವಳ ಗಂಡನಿಗೆ ಕಾರು ಬಾರದು! ಮದುವೆಯ ಹೊಸತರಲ್ಲಿ ಒಮ್ಮೆ ಅವರನ್ನು ಸ್ಟಿಯರಿಂಗ್ ಹಿಂದೆ ಕೂರಿಸಿದ್ದಳು. ಅವಳ ಕಾಲು ಬ್ರೇಕು ಒತ್ತುವಷ್ಟರಲ್ಲೇ ಅವರು ಸೀದಾ ಹೋಗಿ ಮನೆಯ ಗೇಟಿನ ಕಂಬಕ್ಕೆ ಗುದ್ದಿದರು. ಕಂಬ ಈಗಲೂ ವಾಲಿಕೊಂಡೇ ಇದೆ. ಅದಾದ ಮೇಲೆ ಅವರು ಆ ಕಡೆ ತಲೆ ಹಾಕಲಿಲ್ಲ, ಅವಳೂ ಒತ್ತಾಯ ಮಾಡಲಿಲ್ಲ.

ಒಂದು ಬೇಸಿಗೆಯಲ್ಲಿ ಅವಳ ಎಡಗೈಯ ಹಿಂಭಾಗದಲ್ಲಿ ನೀರುಗುಳ್ಳೆಗಳು ಎದ್ದವು. ಮೊದಲು ಒಂದು, ಬಟಾಣಿಯಷ್ಟು. ಬಿಸಿ ಪಾತ್ರೆ ತಾಗಿರಬೇಕೆಂದುಕೊಂಡಳು. ವಾರದೊಳಗೆ ಐದಾದವು. ಒಡೆದ ಕಡೆ ಹಸಿ ಗಾಯ, ಒಣಗಿದ ಕಡೆ ಕಪ್ಪು ಕಲೆ. ಚರ್ಮ ಎಷ್ಟು ನಾಜೂಕಾಯಿತೆಂದರೆ ಕೈಚೀಲದ ಜಿಪ್ಪು ಸವರಿದರೂ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಬಲಗೈ ಮಾತ್ರ ಏನೂ ಆಗದೆ ತಣ್ಣಗಿತ್ತು.

ಕಿಡ್ನಿ ಡಾಕ್ಟರು ಕೈ ನೋಡಿ ಮೊದಲು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. “ಬಿಸಿಲಲ್ಲಿ ಜಾಸ್ತಿ ಇರ್ತೀರಾ?”

“ಬಿಸಿಲೇ ಬೀಳಲ್ಲ ಡಾಕ್ಟ್ರೇ. ಗಾಜು ಏರ್ಸಿ, ಎ.ಸಿ. ಹಾಕಿ ಕೂತ್ಬಿಟ್ರೆ ಸಂಜೆವರೆಗೂ ಕಾರಿನ ಒಳಗೇ.”

ಇದರಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಇಪ್ಪತ್ತೆಂಟು ವರ್ಷ ಗಾಜಿನ ಹಿಂದೆ ಕೂತವಳಿಗೆ ಗಾಜೆಂದರೆ ಗೋಡೆ. ಮಳೆ ತಡೆಯುತ್ತದೆ, ಧೂಳು ತಡೆಯುತ್ತದೆ, ಬಿಸಿಲನ್ನು ತಡೆಯದೆ ಬಿಟ್ಟೀತೇ? ಡಾಕ್ಟರು ಅವಳ ಮಾತನ್ನು ನಂಬಿ ಬಿಸಿಲನ್ನು ಪಟ್ಟಿಯಿಂದ ತೆಗೆದುಹಾಕಿದರು. ಬಿಸಿಲು ಹೋದ ಮೇಲೆ ಉಳಿದದ್ದು ಫಿಸ್ಟುಲಾ. ಅದಿರುವ ಕೈಯಲ್ಲಷ್ಟೇ ಗುಳ್ಳೆ ಎಂದಮೇಲೆ ನಾಳದಲ್ಲೇ ಏನೋ ತೊಂದರೆ ಇರಬೇಕು ಎಂದು ಸರ್ಜನ್ನರ ಹತ್ತಿರ ಕಳಿಸಿದರು.

ಸರ್ಜನ್ನರು ಸ್ಕ್ಯಾನ್ ಮಾಡಿಸಿದರು. ಒಂದು ಕಡೆ ನಾಳ ಸ್ವಲ್ಪ ಕಿರಿದಾದ ಹಾಗಿತ್ತು. “ನೋಡಿ ಅಮ್ಮ, ರಕ್ತ ಹಿಂದಕ್ಕೆ ಒತ್ತಿ ಕೈ ಕೆಡ್ತಾ ಇರಬಹುದು. ಈ ಗಾಯಕ್ಕೆ ನಂಜಾಗಿ ರಕ್ತಕ್ಕೆ ಹೋದ್ರೆ ಪ್ರಾಣಕ್ಕೇ ಕುತ್ತು. ಇದನ್ನ ಕಟ್ಟಿಬಿಡೋಣ. ಸದ್ಯಕ್ಕೆ ಕತ್ತಿನ ಹತ್ರ ಒಂದು ನಳಿಗೆ ಹಾಕ್ತೀವಿ. ಆಮೇಲೆ ಬಲಗೈಯಲ್ಲಿ ಹೊಸದು ಪ್ರಯತ್ನ ಮಾಡೋಣ.”

“ಪ್ರಯತ್ನ ಅಂದ್ರೆ?”

“ಬಲಗೈ ನಾಳಗಳು ಅಷ್ಟು ಚೆನ್ನಾಗಿಲ್ಲ. ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ.”

ಅವಳು ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು. ಒಳಗೆ ಇಂಜಿನ್ ಜುಮ್ಮೆನ್ನುತ್ತಲೇ ಇತ್ತು. ಅಷ್ಟು ಚೆನ್ನಾಗಿ ಓಡುತ್ತಿರುವುದನ್ನು ಆಫ್ ಮಾಡುವುದೇ? ಕತ್ತಿನಲ್ಲಿ ನಳಿಗೆ ಸಿಕ್ಕಿಸಿಕೊಂಡವಳ ಪಕ್ಕ ಯಾರು ಕಾರು ಕಲಿಯಲು ಬರುತ್ತಾರೆ? ಬಲಗೈಯೂ ಕೆಟ್ಟರೆ ಸ್ಟಿಯರಿಂಗ್ ಹಿಡಿಯುವುದು ಯಾವುದರಿಂದ? ಅವಳಿಗೆ ಭಯವಾಯಿತು. ಭಯವಾದಾಗ ಅವಳು ಮಾಡುವುದು ಒಂದೇ.

“ನಿಲ್ಸಿ,” ಎಂದಳು. “ಕಟ್ಟೋಕೆ ಮುಂಚೆ ಚರ್ಮದ ಡಾಕ್ಟ್ರಿಗೆ ತೋರ್ಸಿದೀರಾ? ಇಲ್ವಲ್ಲ. ಕನ್ನಡಿ ನೋಡ್ದೆ ರಿವರ್ಸ್ ತಗೋಬಾರ್ದು ಸಾರ್.”

ಸರ್ಜನ್ನರು ಒಳ್ಳೆಯವರು, ನಕ್ಕುಬಿಟ್ಟರು. ತೋರಿಸಿಕೊಂಡು ಬನ್ನಿ, ತಡ ಮಾತ್ರ ಮಾಡಬೇಡಿ ಎಂದರು.

ಚರ್ಮದ ಡಾಕ್ಟರು ಮಾಳಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ಕೂರುತ್ತಿದ್ದ ಹೆಂಗಸು. ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಕೈಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಗುಳ್ಳೆಗಳೆಲ್ಲ ಕೈಯ ಹಿಂಭಾಗದಲ್ಲಿ, ಬೆರಳುಗಳ ಮೇಲೆ. ಅಂಗೈಯಲ್ಲಿ ಒಂದೂ ಇಲ್ಲ. ಮಣಿಕಟ್ಟಿನ ಮೇಲೆ ಕಾಟನ್ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಜಾಗದಲ್ಲಿ, ಸರಿಯಾಗಿ ಫಿಸ್ಟುಲಾದ ನೆತ್ತಿಯಲ್ಲೇ, ಚರ್ಮ ನುಣ್ಣಗಿತ್ತು.

“ದಿನವಿಡೀ ಈ ಕೈ ಎಲ್ಲಿರುತ್ತೆ?”

“ಎಲ್ಲಿರುತ್ತೆ ಅಂದ್ರೆ? ತೋಳಿನ ತುದೀಲಿ.”

ಡಾಕ್ಟರು ನಗಲಿಲ್ಲ. ಎದ್ದು ಎರಡು ಕುರ್ಚಿಗಳನ್ನು ಮೇಜಿನ ಮುಂದೆ ಅಕ್ಕಪಕ್ಕ ಇಟ್ಟರು. ಬಲಗಡೆಯದರಲ್ಲಿ ತಾವೇ ಕೂತು, ಹತ್ತಿ ಇಡುವ ದುಂಡನೆಯ ಸ್ಟೀಲ್ ಟ್ರೇಯನ್ನು ಸ್ಟಿಯರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನನಗೆ ಕಾರು ಬರಲ್ಲ. ಕಲಿಸಿ.”

ಬಾಗಿಲಲ್ಲಿ ನಿಂತ ನರ್ಸು ಬಾಯಿ ಬಿಟ್ಟುಕೊಂಡು ನೋಡಿದಳು. ಕಲಿಸಿ ಎಂದರೆ ಬ್ರೇಕ್ ಅಕ್ಕನಿಗೆ ಸಂಕೋಚವೆಲ್ಲ ಎಲ್ಲಿ? ಪಕ್ಕದ ಕುರ್ಚಿಯಲ್ಲಿ ಕೂತಳು. “ಬೆನ್ನು ನೆಟ್ಟಗೆ. ಅಷ್ಟು ಗಟ್ಟಿಯಾಗಿ ಹಿಡ್ಕೋಬೇಡಿ, ಟ್ರೇ ಎಲ್ಲೂ ಓಡ್ಹೋಗಲ್ಲ. ಕ್ಲಚ್ ಒತ್ತಿ. ಮೊದಲ್ನೇ ಗೇರು. ನಿಧಾನಕ್ಕೆ ಬಿಡಿ, ನಿಧಾನಕ್ಕೆ. ಹಾಂ, ಹೊರಟ್ವಿ.” ಅಷ್ಟರಲ್ಲಿ ಅವಳ ಎಡಗೈ ಯಾರೂ ಹೇಳದೆ ಕೇಳದೆ ಎದ್ದು ಹೋಗಿ ಮೇಜಿನ ಮೇಲೆ ಅಂಗೈ ಕೆಳಗಾಗಿ ಕೂತಿತು, ಬೆರಳು ಬಿಡಿಸಿಕೊಂಡು.

“ಕೈ ಅಲ್ಲೇ ಇರಲಿ, ತೆಗೀಬೇಡಿ,” ಎಂದರು ಡಾಕ್ಟರು. ಟ್ರೇ ಕೆಳಗಿಟ್ಟು ಬಗ್ಗಿ ನೋಡಿದರು. “ಕಾರಲ್ಲಿ ಇದೇ ಜಾಗದಲ್ಲಿ ಏನಿರುತ್ತೆ?”

“ಡ್ಯಾಶ್‌ಬೋರ್ಡು.”

“ಅದರ ಮುಂದೆ?”

“ಗಾಜು,” ಎಂದ ಬ್ರೇಕ್ ಅಕ್ಕ ಮೇಜಿನ ಮೇಲಿನ ತನ್ನ ಕೈಯನ್ನೇ ನೋಡಿದಳು. ಮುಂದಿನ ದೊಡ್ಡ ಗಾಜು, ಅದರಿಂದ ಬೀಳುವ ಬೆಳಕು, ಬೆಳಕಿನ ನಟ್ಟನಡುವೆ ದಿನಕ್ಕೆ ಆರೇಳು ಗಂಟೆ ಹರಡಿಕೊಂಡಿರುವ ತನ್ನ ಕೈ, ಎಲ್ಲವೂ ಅವಳಿಗೆ ಒಟ್ಟಿಗೇ ಕಂಡವು.

ಡಾಕ್ಟರು ಆಮೇಲೆ ಗಿಣಿಗೆ ಹೇಳಿದ ಹಾಗೆ ಹೇಳಿದರು. ಡಯಾಲಿಸಿಸ್‌ನಲ್ಲಿರುವ ಕೆಲವರಿಗೆ ಹೀಗಾಗುವುದುಂಟು. ಬೆಳಕು ಬಿದ್ದ ಕಡೆ ಚರ್ಮ ಪದರ ಬಿಟ್ಟು ಗುಳ್ಳೆ ಏಳುತ್ತದೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಬೆಳಕಿಗೆ ಕೆರಳುವ ವಸ್ತುಗಳು ರಕ್ತದಲ್ಲಿ ಜಮೆಯಾಗಿರುತ್ತವೆ; ಇನ್ನೊಂದು ನೋಡಲು ಅದರ ಹಾಗೇ, ರಕ್ತ ಮಾತ್ರ ಸರಿಯಿರುತ್ತದೆ. ಯಾವುದೆಂದು ರಕ್ತಪರೀಕ್ಷೆ ಹೇಳುತ್ತದೆ. ಗಾಜು ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ, ಈ ಚರ್ಮಕ್ಕೆ ಆಗದ ಬೆಳಕು ಅದರೊಳಗಿಂದ ಸಲೀಸಾಗಿ ಬರುತ್ತದೆ.

“ನೋವಿನ ಮಾತ್ರೆ ಏನಾದ್ರೂ ತಗೋತಿದೀರಾ?”

ಬ್ರೇಕ್ ಅಕ್ಕ ಗೋಡೆ ನೋಡಿದಳು. ದಿನವೆಲ್ಲ ಬಲಕ್ಕೆ ತಿರುಗಿ ಕೂರುವುದರಿಂದ ಕತ್ತು ಹಿಡಿದು, ನಾಲ್ಕು ತಿಂಗಳಿಂದ ಮೆಡಿಕಲ್ ಶಾಪಿನಿಂದ ತಾನೇ ತಂದು ದಿನಕ್ಕೆರಡು ನುಂಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದಳು. ಕೈಚೀಲದಿಂದ ಮಾತ್ರೆಯ ಪಟ್ಟಿಯನ್ನೂ ತೆಗೆದು ತೋರಿಸಿದಳು. ಡಾಕ್ಟರು ಅದನ್ನು ನೋಡಿದ್ದೇ ಕಸದ ಬುಟ್ಟಿಗೆ ಹಾಕಿದರು. “ಇದೂ ಇದರ ಪಾಲುದಾರನೇ. ಕತ್ತಿಗೆ ಬೇರೆ ಏನಾದ್ರೂ ಕೊಡ್ತೀನಿ.”

ಅವರೇ ಫೋನು ಹಚ್ಚಿ ಸರ್ಜನ್ನರ ಹತ್ತಿರ ಮಾತಾಡಿದರು. ಈ ಕಡೆಯ ಮಾತಷ್ಟೇ ಬ್ರೇಕ್ ಅಕ್ಕನಿಗೆ ಕೇಳಿಸಿತು: ಫಿಸ್ಟುಲಾ ಚೆನ್ನಾಗೇ ಓಡುತ್ತಿದೆ, ನನಗೆ ಎರಡು ತಿಂಗಳು ಕೊಡಿ. ಕೊನೆಗೆ ಇಬ್ಬರೂ ಒಂದು ತಾರೀಖಿಗೆ ಒಪ್ಪಿದರು. ಆ ದಿನದ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತು ಗಾಯ ಆರಿರಬೇಕು. ಇಲ್ಲದಿದ್ದರೆ ಫಿಸ್ಟುಲಾ ಕಟ್ಟುವುದೇ ಸೈ.

ಔಷಧಿ ಕೊಟ್ಟದ್ದು ನೋಡಿ ಅವಳಿಗೆ ನಗು ಬಂತು. ಕಫ ಕರಗಿಸಲು ಕೊಡುವ, ನೀರಿಗೆ ಹಾಕಿದರೆ ಬುಸ್ಸೆನ್ನುವ ದೊಡ್ಡ ಮಾತ್ರೆ, ದಿನಕ್ಕೆ ಎರಡು ಸಲ. “ನಂಗೆ ಕೆಮ್ಮೇ ಇಲ್ವಲ್ಲ ಡಾಕ್ಟರಮ್ಮ.” ಕೆಲವರಿಗೆ ಇದರಿಂದ ಈ ಗುಳ್ಳೆಯೂ ಬಗ್ಗುತ್ತದೆ, ನೋಡೋಣ ಎಂದರು ಅವರು. ತಮಾಷೆ ಇದ್ದದ್ದು ಅದನ್ನು ಕರಗಿಸುವ ನೀರಿನಲ್ಲಿ. ಡಯಾಲಿಸಿಸ್‌ನವರಿಗೆ ದಿನದ ನೀರು ಅಳತೆ ಮಾಡಿದ್ದು. ಎರಡು ಅರ್ಧ ಲೋಟ ಅದಕ್ಕೆ ಹೋಯಿತೆಂದರೆ ಸಂಜೆಯ ಕಾಫಿಗೆ ಕತ್ತರಿ. ಕೈ ಕಾಫಿಗಿಂತ ದೊಡ್ಡದು ಎಂದು ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಒಪ್ಪಿಕೊಂಡಳು.

ಡಯಾಲಿಸಿಸ್ ಕೋಣೆಯಲ್ಲಿ ಅವಳದು ಕಿಟಕಿ ಪಕ್ಕದ ಕುರ್ಚಿ. ಆ ಕುರ್ಚಿ ಯಾರಿಗೂ ಸುಮ್ಮನೆ ಸಿಗುವುದಲ್ಲ. ವರ್ಷಗಟ್ಟಲೆ ಬಾಗಿಲ ಬಳಿ, ಆಮೇಲೆ ನಡುವೆ, ಹೀಗೆ ಹಿರಿತನದ ಮೇಲೆ ಒಬ್ಬೊಬ್ಬರಾಗಿ ಕಿಟಕಿಗೆ ತಲುಪುವುದು ಅಲ್ಲಿನವರು ತಮ್ಮೊಳಗೇ ಮಾಡಿಕೊಂಡ ಪದ್ಧತಿ. ಫಿಸ್ಟುಲಾ ಕೈಯನ್ನು ಕಿಟಕಿಯ ಕಡೆಗೇ ಚಾಚಿ ಅವಳು ನಾಲ್ಕು ಗಂಟೆ ರಾಣಿಯ ಹಾಗೆ ಕೂರುತ್ತಿದ್ದಳು. ಈಗ ಎದ್ದು ಬಾಗಿಲ ಬಳಿ, ಔಷಧಿ ಬೀರುವಿನ ನೆರಳಿಗೆ ಹೋಗಬೇಕಾಯಿತು. “ಪ್ರಮೋಷನ್ ಆಯ್ತಾ ಅಕ್ಕ?” ಎಂದು ಅಲ್ಲಿಯ ಹೊಸಬನೊಬ್ಬ ಕೇಳಿದ. “ಹೂಂ ಕಣಪ್ಪ, ಇಲ್ಲಿಂದ ಮನೆಗೆ ಬೇಗ ಹೋಗ್ಬೋದು,” ಎಂದಳು. ಹೊಟ್ಟೆ ಉರಿದದ್ದು ಮಾತ್ರ ನಿಜ.

ಕೈಗವಸು ಹೊಲಿದದ್ದು ಯಜಮಾನರು. ಅಂಗಡಿಯ ತೆಳು ಗವಸಿನೊಳಗೆ ಬೆಳಕು ನುಸುಳುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಅವರು ರಟ್ಟಿಗೆ ಅಂಟಿಸುವ ದಪ್ಪ ಕಪ್ಪು ಬಟ್ಟೆಯನ್ನು ದೀಪದ ಮುಂದೆ ಹಿಡಿದು, ಒಂದು ಚುಕ್ಕೆ ಬೆಳಕೂ ಬಾರದ್ದನ್ನು ಆರಿಸಿ, ಒಳಗೆ ಮೆತ್ತನೆಯ ಹಳೇ ಬಟ್ಟೆ ಕೊಟ್ಟು, ಮೊಣಕೈವರೆಗೆ ಬರುವ ಗವಸು ಹೊಲಿದರು. ಫಿಸ್ಟುಲಾದ ಮೇಲೆ ಬಿಗಿಯಾಗಬಾರದೆಂದು ಅಲ್ಲಿ ಸಡಿಲ ಬಿಟ್ಟಿದ್ದರು. ಅದನ್ನು ಹಾಕಿದರೆ ಕೈ ಹಳೆಯ ನಿಘಂಟಿನ ಹಾಗೆ ಕಾಣುತ್ತಿತ್ತು.

ಕಪ್ಪು ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಗವಸು ಯಾರಿಗೆ ಕಾಣುತ್ತದೆ? ಅಲ್ಲದೆ ಡಾಕ್ಟರು ಕೈಯನ್ನು ಅಲ್ಲಿ ಇಡಲೇಬೇಡಿ, ಮಡಿಲಲ್ಲಿರಲಿ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅವಳು ಬಾಯಲ್ಲಿ ಕಲಿಸಲು ಹೊರಟಳು, ಬರಲಿಲ್ಲ. ಹೇಳುವಷ್ಟರಲ್ಲಿ ತಿರುವು ದಾಟಿಹೋಗುತ್ತಿತ್ತು. ಶಾಲೆಯ ಲೆಕ್ಕದ ಮೇಷ್ಟ್ರೊಬ್ಬರಿಗೆ ಮರುದಿನ ಲೈಸೆನ್ಸ್ ಪರೀಕ್ಷೆ; ಗಾಬರಿಯಿಂದ ಗೇರನ್ನೇ ಮರೆತುಬಿಟ್ಟಿದ್ದರು. ಅವರ ಅಳುಮೋರೆ ನೋಡಲಾರದೆ ಅವಳು ಗವಸು ಕಿತ್ತು, ಕೈಯನ್ನು ಹಳೇ ಜಾಗದಲ್ಲಿ ಇಟ್ಟಳು. ಎರಡೇ ಎರಡು ಗಂಟೆ. ಮೇಷ್ಟ್ರು ಪರೀಕ್ಷೆಯಲ್ಲಿ ಪಾಸಾದರು. ಆ ವಾರದ ಕೊನೆಗೆ ಅವಳ ಕೈಯಲ್ಲಿ ಎರಡು ಹೊಸ ಗುಳ್ಳೆ. ತಾರೀಖಿಗೆ ಐದೇ ವಾರ ಉಳಿದಿತ್ತು.

ಯಜಮಾನರು ಜೋರಾಗಿ ಮಾತಾಡಿದ್ದನ್ನು ಅವಳು ಅಂದೇ ಕೇಳಿದ್ದು.

“ಮೇಷ್ಟ್ರಿಗೆ ಲೈಸೆನ್ಸ್ ಇಲ್ದಿದ್ರೆ ಬಸ್ಸಲ್ಲಿ ಹೋಗ್ತಾರೆ. ಆ ಕೈ ಹೋದ್ರೆ ನಾನು ಯಾರ ಜೊತೆ ಬಸ್ಸಲ್ಲಿ ಹೋಗ್ಲೇ?”

ಮರುದಿನದಿಂದ ಅವರು ಅಂಗಡಿಗೆ ಮಧ್ಯಾಹ್ನ ಬೀಗ ಹಾಕಿ, ರಟ್ಟು ಅಳೆಯುವ ಮರದ ಸ್ಕೇಲನ್ನು ಹಿಡಿದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತರು. ಕೈ ಮಡಿಲು ಬಿಟ್ಟು ಮುಂದೆ ಸರಿದರೆ ಸಾಕು, ಸ್ಕೇಲು ಅವಳ ಭುಜವನ್ನು ಮುಟ್ಟುತ್ತಿತ್ತು. ಮೊದಲ ದಿನ ಮೂವತ್ತು ಸಲ ಮುಟ್ಟಿತು. ಕಲಿಯಲು ಬಂದವರು ನಗು ತಡೆಯಲಾರದೆ ಒದ್ದಾಡಿದರು. ಎರಡನೆಯ ವಾರಕ್ಕೆ ಆರೋ ಏಳೋ ಸಲ. ಅಷ್ಟು ಹೊತ್ತಿಗೆ ಅವಳ ಬಾಯಿ ಕೈಯ ಕೆಲಸ ಕಲಿತಿತ್ತು. ಉದ್ದ ಮಾತಿಲ್ಲ, ಕೂಗೂ ಇಲ್ಲ. “ಇಳಿಸು”, “ಒತ್ತು”, “ನಿಲ್ಲು”, “ಹೀಗೇ”. ಮೊದಲಿಗಿಂತ ಒಂದು ಗಳಿಗೆ ಮುಂಚೆಯೇ ಹೇಳುತ್ತಿದ್ದಳು, ಅಷ್ಟೆ.

ಒಂದು ಮಧ್ಯಾಹ್ನ ಬರಬೇಕಾದವರು ಬರಲಿಲ್ಲ. ಯಜಮಾನರು ಹಿಂದಿನ ಸೀಟಿನಿಂದ ಇಳಿದು, ಸ್ಕೇಲನ್ನು ಅಲ್ಲೇ ಬಿಟ್ಟು, ಬಲಗಡೆಯ ಬಾಗಿಲು ತೆಗೆದು ಕೂತರು.

“ಏನ್ರೀ ಇದು?”

“ನೀನು ಹೇಳ್ತಿರೋದು ಈಗ ಅರ್ಥ ಆಗ್ತಿದೆ. ಆವತ್ತು ನಿನ್ನ ಕೈ ನೋಡೋದ್ರಲ್ಲೇ ಇದ್ದೆ, ಕಂಬ ಎಲ್ಲಿ ಕಾಣ್ಬೇಕು?”

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ಇವರನ್ನು ಅಂಜುಬುರುಕ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. “ಬೆನ್ನು ನೆಟ್ಟಗೆ,” ಎಂದಳು. ಮರುದಿನವೇ ಅವರು ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದರು. ಅದು ಬರುವವರೆಗೆ ಮನೆಯ ಅಂಗಳದಲ್ಲೇ, ವಾಲಿದ ಕಂಬದ ಸುತ್ತ ಪಾಠ.

ರಕ್ತಪರೀಕ್ಷೆ ಸರಿಯಾಗಿಯೇ ಬಂತು. ಇದು ಎರಡನೆಯ ಬಗೆ, ಬೆಳಕನ್ನೂ ನೋವಿನ ಮಾತ್ರೆಯನ್ನೂ ದೂರ ಇಟ್ಟರೆ ದಾರಿಗೆ ಬರುವಂಥದ್ದು ಎಂದರು ಡಾಕ್ಟರಮ್ಮ. ಮೇಷ್ಟ್ರ ಕಾಲದ ಎರಡು ಗುಳ್ಳೆಗಳೇ ಕೊನೆ. ಡಯಾಲಿಸಿಸ್ ಕೋಣೆಯ ಸಿಸ್ಟರು ಅವನ್ನು ಒಡೆಯದೆ, ದಿನ ಬಿಟ್ಟು ದಿನ ಶುದ್ಧವಾಗಿ ಪಟ್ಟಿ ಕಟ್ಟಿ ಆರಿಸಿದರು. ಆರಿದ ಕಡೆ ಸಾಸಿವೆಯಷ್ಟು ಬಿಳಿ ಕಾಳುಗಳೂ ಕಂದು ಕಲೆಗಳೂ ಉಳಿದವು.

ಗೊತ್ತಾದ ತಾರೀಖಿನ ಬೆಳಗ್ಗೆ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟಿಯರಿಂಗ್ ಹಿಂದೆ ಕೂತರು. ಕಲಿಯುವವರ ಲೈಸೆನ್ಸು ಕೈಗೆ ಬಂದಿತ್ತು, ಕಾರಿಗೆ ‘ಎಲ್’ ಬೋರ್ಡು ಹೇಗೂ ಇತ್ತು. ಬೆಳಗಿನ ಬಿಸಿಲು ಮುಂದಿನ ಗಾಜಿನಿಂದ ಡ್ಯಾಶ್‌ಬೋರ್ಡಿನ ತುಂಬ ಬಿದ್ದಿತ್ತು. ಮಾರುಕಟ್ಟೆಯ ತಿರುವಿನಲ್ಲಿ ಕೈಗಾಡಿಯೊಂದು ಅಡ್ಡ ಬಂತು. ಬ್ರೇಕ್ ಅಕ್ಕನ ಎಡಗೈ ತಾನಾಗಿಯೇ ಮಡಿಲಿನಿಂದ ಎದ್ದಿತು.

“ಕೈ ಒಳಗೆ,” ಎಂದರು ಯಜಮಾನರು, ರಸ್ತೆಯಿಂದ ಕಣ್ಣು ತೆಗೆಯದೆ. ಹೇಳುತ್ತಲೇ ಬ್ರೇಕು ಒತ್ತಿದರು. ಕಾರು ಕೈಗಾಡಿಗೆ ಎರಡು ಮಾರು ಹಿಂದೆ, ಒಂದಿಷ್ಟೂ ಜಗ್ಗದೆ ನಿಂತಿತು. ಅವಳ ಕಾಲಬುಡದ ಬ್ರೇಕಿಗೆ ಆ ದಿನ ಕೆಲಸವಿರಲಿಲ್ಲ. ತನ್ನ ಕಾರಿನಲ್ಲಿ ತನಗೇ ಅಪ್ಪಣೆ ಮಾಡಿದ ಮೊದಲ ಮನುಷ್ಯನನ್ನು ಅವಳು ಒಮ್ಮೆ ನೋಡಿ, ಕೈಯನ್ನು ಒಳಗೆ ತೆಗೆದುಕೊಂಡಳು.

ಸರ್ಜನ್ನರು ಗವಸು ಬಿಚ್ಚಿಸಿ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಸಿ ಗಾಯ ಒಂದೂ ಇರಲಿಲ್ಲ. ಹೊಸದಾಗಿ ಮಾಡಿಸಿದ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿದರು. ಕಿರಿದಾಗಿದ್ದ ಜಾಗ ಇದ್ದ ಹಾಗೇ ಇತ್ತು, ಹೆಚ್ಚಿರಲಿಲ್ಲ. ಆಮೇಲೆ ಫಿಸ್ಟುಲಾದ ಮೇಲೆ ಎರಡು ಬೆರಳಿಟ್ಟರು.

“ಇಂಜಿನ್ ಆನ್ ಇದೆಯಾ ಸಾರ್?”

“ಇದೆ. ಇದನ್ನ ಮುಟ್ಟೋದು ಬೇಡ,” ಎಂದು ಅವರು ಫೈಲಿನಲ್ಲಿ ಬರೆದಿದ್ದ ಆಪರೇಷನ್ನಿನ ಸಾಲನ್ನು ಹೊಡೆದುಹಾಕಿದರು. “ಕನ್ನಡಿ ನೋಡಿದ್ದು ಒಳ್ಳೇದಾಯ್ತು ಅಮ್ಮ.”

ಆವತ್ತಿನ ಡಯಾಲಿಸಿಸ್ ಬಾಗಿಲ ಬಳಿಯ ಕುರ್ಚಿಯಲ್ಲಿ, ಅದೇ ಎಡಗೈಯಲ್ಲಿ ನಡೆಯಿತು. ನಾಲ್ಕು ಗಂಟೆಯ ಮೇಲೆ ಸಿಸ್ಟರು ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು ಕಳಿಸಿದರು. ಮೈಯಲ್ಲಿ ಶಕ್ತಿಯೇ ಇರಲಿಲ್ಲ, ಪ್ರತಿ ಸಲದ ಹಾಗೆ. ಯಜಮಾನರು ಅವಳನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಗವಸಿನ ಕೈಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟರು.

ಆಸ್ಪತ್ರೆಯ ಗೇಟು ದಾಟುವಾಗ “ಇಳಿಸಿ” ಎಂದಳು. ಮೊದಲ ಸಿಗ್ನಲ್ಲಿನಲ್ಲಿ “ಹೀಗೇ” ಎಂದಳು. ಎರಡನೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ಕಾರು ನಿಲ್ಲಿಸಿ, ಸರಿಯಾಯಿತೇ ಎಂದು ಯಜಮಾನರು ಅವಳ ಕಡೆ ತಿರುಗಿದರು. ಅವಳ ಬಲಗಾಲು ಬ್ರೇಕಿನಿಂದ ಪಕ್ಕಕ್ಕೆ ಜಾರಿತ್ತು. ತಲೆ ಸೀಟಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬ್ರೇಕ್ ಅಕ್ಕ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಿದ್ದೆ ಹೋಗಿದ್ದಳು.

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಯಜಮಾನರು ಗಡಿಬಿಡಿ ಮಾಡಲಿಲ್ಲ. ಕ್ಲಚ್ ಒತ್ತಿ, ಮೊದಲನೇ ಗೇರು ಹಾಕಿ, ಅವಳಿಗೆ ಎಚ್ಚರವಾಗದಂತೆ ನಿಧಾನಕ್ಕೆ ಬಿಟ್ಟರು.